ಮೊಹರು ಹಾಕಿದ ಪೆಟ್ಟಿಗೆ

ಜೂನ್ 3

ಪೂಜ್ಯ ಅಗ್ರಜರೂ, ಸ್ಕ್ರೂಡ್ರೈವರ್ ಧುರಂಧರರೂ, ಅತ್ತಿಗೆಯ ಮಾತಿಗೆ ಎಂದೂ ಎದುರಾಡದ ಮಹಾಧೀರರೂ ಆದ ಅಣ್ಣನವರ ಪಾದಗಳಿಗೆ (ಕಾಲುಚೀಲ ಒಗೆದಿದ್ದರೆ ಮಾತ್ರ) ತಂಗಿಯ ಉದ್ದಂಡ ನಮಸ್ಕಾರ.

ನಾನು ಕ್ಷೇಮ. ನನ್ನ ಫೋನು ಮಾತ್ರ ಜೈಲಿನಲ್ಲಿದೆ. ಪರೀಕ್ಷೆ ಮುಗಿಯುವ ತನಕ ನಮ್ಮ ಪ್ರಯೋಗಾಲಯದಲ್ಲಿ ಯಾರೂ ಫೋನು ಇಟ್ಟುಕೊಳ್ಳುವಂತಿಲ್ಲ. ಹೋದ ವರ್ಷ ಯಾರೋ ಅಂಕಿಗಳ ಫೋಟೋ ತೆಗೆದು ಊರಿಗೆಲ್ಲ ಹಂಚಿದ್ದರಂತೆ. "ಮನೆಗೆ ಏನಾದ್ರೂ ಹೇಳ್ಬೇಕಿದ್ರೆ ಕಾಗದ ಬರೀರಿ. ಕಾಗದನ ಯಾರೂ ಫಾರ್ವರ್ಡ್ ಮಾಡಲ್ಲ" ಎಂದು ಮೇಡಂ ಅಪ್ಪಣೆ ಕೊಡಿಸಿದ್ದಾರೆ. ಮೇಡಂ ಎಂದರೆ ನಮ್ಮ ಮುಖ್ಯಸ್ಥೆ. ಅವರು ನಕ್ಕಿದ್ದನ್ನು ಕಂಡವರಿಲ್ಲ. ಕಂಡೆ ಎಂದು ಹೇಳಿಕೊಂಡವನೊಬ್ಬ ಈಗ ಇಲ್ಲಿ ಕೆಲಸದಲ್ಲಿಲ್ಲ.

ವಿಷಯಕ್ಕೆ ಬರುತ್ತೇನೆ. ಇಲ್ಲಿ ಮಹಾ ಮೊಕದ್ದಮೆಯೊಂದು ನಡೆದಿದೆ. ನಗರದ ಯುವಕೇಂದ್ರದವರು ಬಡಾವಣೆಗೊಂದು ಆಟದ ಕೋಣೆ ತೆರೆಯುತ್ತಾರಂತೆ. ಮೇಜಿನ ಮೇಲೆ ಲ್ಯಾಪ್‌ಟಾಪ್ ಇಡಬೇಕೋ, ಕಡಿಮೆ ಬೆಲೆಯ ಡೆಸ್ಕ್‌ಟಾಪ್ ಇಡಬೇಕೋ ಎಂದು ಅವರಿಗೆ ತಲೆಬಿಸಿ. ಗೇಮು ಯಾವುದರಲ್ಲಿ ಚೆನ್ನಾಗಿ ಓಡುತ್ತದೆ ಎಂಬ ತೀರ್ಪಿನ ಭಾರ ಪ್ರಯೋಗಾಲಯದ ಮೇಲೆ, ಅಂದರೆ ಮೇಡಂ ಮೇಲೆ, ಅಂದರೆ ಕೆಲಸ ಕಲಿಯಲು ಬಂದ ಈ ಬಡಪಾಯಿಯ ಮೇಲೆ ಬಿದ್ದಿದೆ. ಇಪ್ಪತ್ತೊಂದಕ್ಕೆ ತೀರ್ಪು. ಇಡೀ ನಗರದ ಹೆಬ್ಬೆರಳುಗಳ ಭವಿಷ್ಯ ನನ್ನ ಕೈಯಲ್ಲಿದೆ ಎಂಬುದನ್ನು ತಾವು ಮನಗಾಣಬೇಕು.

ಕಕ್ಷಿದಾರರು ನಾಲ್ವರು. ಮಾಡಿದವರು ಯಾರೆಂದು ತಿಳಿಯದಂತೆ ಹೆಸರಿನ ಮೇಲೆಲ್ಲ ಕಪ್ಪು ಟೇಪು ಹಚ್ಚಿ ಕಳಿಸಿದ್ದಾರೆ, ಆದ್ದರಿಂದ ಹೆಸರಿಡುವ ಪುಣ್ಯ ನನ್ನದಾಯಿತು. ಮೊದಲನೆಯವನು 'ಸಾಹುಕಾರ', ದಪ್ಪ ಹೊಟ್ಟೆಯ ದುಬಾರಿ ಲ್ಯಾಪ್‌ಟಾಪ್. ಅವನ ಚಾರ್ಜರನ್ನು ಎಸೆದರೆ ಕಳ್ಳ ಸಾಯುತ್ತಾನೆ. ಎರಡನೆಯವಳು 'ಬೆಳ್ಳಿ', ತೆಳ್ಳಗೆ, ನಾಜೂಕು. ಮೂರನೆಯದು 'ಕಿರುಚ', ಗೇಮು ಶುರುವಾದೊಡನೆ ಅದರ ಫ್ಯಾನು ಕುದಿಯುವ ಕೆಟಲಿನ ಹಾಗೆ ಅರಚುತ್ತದೆ. ನಾಲ್ಕನೆಯದೇ ಡೆಸ್ಕ್‌ಟಾಪ್. ಬೂದು ಬಣ್ಣದ ಪೆಟ್ಟಿಗೆ. ನೆತ್ತಿಯ ಮೇಲೆ ಹಳೇ ಮೇಜಿನ ಡ್ರಾಯರಿನಿಂದ ಕಿತ್ತ ಹಿಡಿ, ಅದೂ ಸೊಟ್ಟ. ಬದಿಯ ಕೆಳಭಾಗದಲ್ಲಿ ಗೆದ್ದಲು ಮೇದ ಹಾಗೆ ತೂತುಗಳು. ಅದಕ್ಕೆ 'ಟ್ರಂಕಣ್ಣ' ಎಂದು ಹೆಸರಿಟ್ಟೆ.

ಆದರೆ ಕೇಳು, ಮೊದಲ ಸುತ್ತಿನಲ್ಲಿ ಟ್ರಂಕಣ್ಣ ಮೂವರನ್ನೂ ಮಣ್ಣು ಮುಕ್ಕಿಸಿದ! ಒಂದೇ ಗೇಮು, ಒಂದೇ ದೃಶ್ಯ, ಹೊರಗಿನ ಒಂದೇ ಅಳತೆಯ ಪರದೆ, ಲ್ಯಾಪ್‌ಟಾಪುಗಳಿಗೆಲ್ಲ ಚಾರ್ಜರು ಸಿಕ್ಕಿಸಿಯೇ ಓಡಿಸಿದೆವು, ಬ್ಯಾಟರಿಯಲ್ಲಿ ಅವು ಸೋಮಾರಿಯಾಗುತ್ತವಲ್ಲ. ಪರದೆ ಸೆಕೆಂಡಿಗೆ ಎಷ್ಟು ಚಿತ್ರ ಬದಲಿಸುತ್ತದೆ ಎಂಬ ಫ್ರೇಮಿನ ಲೆಕ್ಕ ನಿನಗೆ ಹೇಳಿಕೊಡಬೇಕಿಲ್ಲ. ಅರವತ್ತಿದ್ದರೆ ಆಟ ನೀರಿನ ಹಾಗೆ ಹರಿಯುತ್ತದೆ, ಮೂವತ್ತಕ್ಕಿಳಿದರೆ ತೊದಲುತ್ತದೆ. ಟ್ರಂಕಣ್ಣ ತೊಂಬತ್ತು ದಾಟಿದ. ಆದರೆ ಇದು ಹತ್ತು ನಿಮಿಷದ ಓಟ. ಇಡೀ ಮಧ್ಯಾಹ್ನ ಓಡಿಸುವ ದೊಡ್ಡ ಪರೀಕ್ಷೆ ಮುಂದಿದೆ, ತೀರ್ಪು ಅದರ ಮೇಲೆಯೇ.

ಕೊನೆಗೊಂದು ನಿಯಮ, ನನ್ನಿಂದ ಸಹಿ ಹಾಕಿಸಿಕೊಂಡಿದ್ದಾರೆ: ಯಂತ್ರ ಮಾಡಿದವರು ಪರೀಕ್ಷಕರ ರಕ್ತಸಂಬಂಧಿಯಾದರೆ ಆ ಪರೀಕ್ಷಕರು ತೆಗೆದ ಅಂಕಿಗಳೆಲ್ಲ ರದ್ದು, ಅಂಕಿಯಿಲ್ಲದ ಯಂತ್ರ ತೀರ್ಪಿಗೆ ಬರುವಂತಿಲ್ಲ. ಇಲ್ಲಿ ಅಂಕಿ ತೆಗೆಯುವವಳು ನಾನೊಬ್ಬಳೇ. ನನ್ನ ವಂಶದಲ್ಲಿ ಕಂಪ್ಯೂಟರು ಜೋಡಿಸುವವನು ನೀನೊಬ್ಬನೇ. ನೀನು ಜೋಡಿಸಿದ್ದು ಇಷ್ಟು ದೂರ ಬರುವಷ್ಟರಲ್ಲಿ ಬಿಡಿ ಬಿಡಿಯಾಗಿ ರಸ್ತೆಯುದ್ದಕ್ಕೂ ಸಿಗುತ್ತಿತ್ತು, ಆದ್ದರಿಂದ ನಿಶ್ಚಿಂತೆಯಿಂದ ಸಹಿ ಹಾಕಿದೆ.

ಇತಿ ತಮ್ಮ ವಿಧೇಯ (ಸುಳ್ಳು) ತಂಗಿ,
ಚೂಟಿ


ಜೂನ್ 6

ಚೂಟಿ,

ಕಾಗದ ಬಂತು. ನಿಮ್ಮತ್ತಿಗೆ ಓದಿ ಹೊಟ್ಟೆ ಹಿಡ್ಕೊಂಡು ನಕ್ಕಳು. ಕಾಲುಚೀಲ ಒಗೆದಿದೆ, ಅವಳೇ ಸಾಕ್ಷಿ.

ಇಲ್ಲಿ ಹೇಳುವಂಥದ್ದು ಏನಿಲ್ಲ. ಕಾರ್ಯಾಗಾರದಲ್ಲಿ ಮಾಮೂಲಿ ಕೆಲಸ.

ಆ ಪೆಟ್ಟಿಗೆಯ ಹಿಡಿಗೆ ಹಾಕಿರುವ ಎರಡು ಸ್ಕ್ರೂಗಳಲ್ಲಿ ಒಂದು ಹಿತ್ತಾಳೆ ಬಣ್ಣದ್ದಾ? ಸುಮ್ಮನೆ ಕೇಳಿದೆ. ಉತ್ತರ ಬೇಡ. ನಿಜವಾಗಿಯೂ ಬರೀಬೇಡ.

ನಗೋದು ನಗು, ಆದರೆ ಸರಿಯಾಗಿ ಅಳೆ.

ಅಣ್ಣ


ಜೂನ್ 6, ಅದೇ ದಿನ

ಚೂಟಿ,

ಇದನ್ನು ಅಂಚೆಗೆ ಹಾಕುವುದಿಲ್ಲ. ಕೈ ಸುಮ್ಮನಿರಲಿಲ್ಲ, ಬರೀತಿದ್ದೀನಿ.

ನಿನ್ನ ಟ್ರಂಕಣ್ಣ ನಾನು ಮಾಡಿದ್ದು. ಆ ಹಿಡಿ ನಮ್ಮ ಹಳೇ ಓದುವ ಮೇಜಿನದು, ನೀನು ಅದರ ಡ್ರಾಯರಿನಲ್ಲಿ ಕಪ್ಪೆ ಬಿಟ್ಟಿದ್ದೆಯಲ್ಲ, ಅದೇ. ಒಂದು ಸ್ಕ್ರೂ ಕಳೆದುಹೋಗಿತ್ತು ಅಂತ ಬೇರೆ ಹಾಕಿದೆ. ಕಾರ್ಯಾಗಾರದ ಯಜಮಾನರು ಪರೀಕ್ಷೆಗೆ ಅಂದಿದ್ದರೇ ಹೊರತು ಪೆಟ್ಟಿಗೆ ಎಲ್ಲಿಗೆ ಕಳಿಸುತ್ತೇನೆ ಎಂದು ಹೇಳಿರಲಿಲ್ಲ. ನಾನೂ ನಿನಗೆ ಹೇಳಿರಲಿಲ್ಲ, ಗೆದ್ದ ಮೇಲೆ ಹೇಳೋಣ ಅಂತ.

ಗೆಲ್ಲದಿದ್ದರೆ ಹೇಳೋದಕ್ಕೆ ಏನೂ ಉಳಿಯಲ್ಲ. ಯಜಮಾನರು ಮೊನ್ನೆ ಜೋಡಣೆ ಮೇಜಿನ ಮುಂದೆ ನಿಂತು, "ಲ್ಯಾಪ್‌ಟಾಪಿನ ಮುಂದೆ ಇದು ನಿಲ್ಲದಿದ್ರೆ ಈ ಮೇಜು ಎತ್ತಿಸಿಬಿಡ್ತೀನಿ ಕಣಯ್ಯ, ಬರೀ ರಿಪೇರಿ ಇಟ್ಕೊಳ್ತೀನಿ" ಅಂದರು. ರಿಪೇರಿಗೆ ಅವರ ಅಳಿಯ ಇದ್ದಾನೆ. ಮೇಜು ಹೋದರೆ ನಾನೂ ಹೋದ ಹಾಗೆ. ನಿಮ್ಮತ್ತಿಗೆಗೆ ಇದಿನ್ನೂ ಗೊತ್ತಿಲ್ಲ. ಅವಳು ಕಾಗದ ಓದಿ ನಗುವಾಗ ನಾನೂ ನಕ್ಕೆ.

ಗೆದ್ದಲು ಮೇದ ತೂತು ಅಂದೆಯಲ್ಲ. ಒಂದೊಂದನ್ನೂ ಕೈಯಾರೆ ಕೊರೆದಿದ್ದೇನೆ. ಆಟದ ಕೋಣೆಯಲ್ಲಿ ಪೆಟ್ಟಿಗೆಯ ಬೆನ್ನು ಗೋಡೆಗೆ ಅಂಟಿರುತ್ತದೆ, ಮುಂದೆ ಮಕ್ಕಳ ಮೊಣಕಾಲು. ಅದಕ್ಕೇ ಗಾಳಿ ಬದಿಯಿಂದ, ಕೆಳಗಿನಿಂದ ಒಳಗೆ ಹೋಗಲಿ ಅಂತ. ಬೆಲೆ ಇಳಿಸಬೇಕಿತ್ತು, ಒಂದೇ ಫ್ಯಾನು ಹಾಕಿದೆ.

ನಿನಗೆ ತಿಳಿಸಿದರೆ ನಿನ್ನ ಅಂಕಿಗಳೆಲ್ಲ ರದ್ದು, ಪೆಟ್ಟಿಗೆ ಹೊರಗೆ. ತಿಳಿಸದಿದ್ದರೆ ನಾನು ನಿನಗೆ ಸುಳ್ಳು ಹೇಳಿದ ಹಾಗೆ. ಹತ್ತು ನಿಮಿಷದಲ್ಲಿ ಮೂರನ್ನೂ ಸೋಲಿಸಿತು ಅಂತ ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಬಾಯಿ ಮುಚ್ಚಿಕೊಂಡಿರುತ್ತೇನೆ.


ಜೂನ್ 10

ಘನತೆವೆತ್ತ ಅಣ್ಣಾಜಿಯವರ ಸನ್ನಿಧಿಗೆ,

ಸ್ಕ್ರೂ ಬಗ್ಗೆ ಬರೀಬೇಡ ಎಂದಿದ್ದೀರಿ, ಬರೆಯುವುದಿಲ್ಲ. (ಹಿತ್ತಾಳೆ ಬಣ್ಣದ್ದೇ. ನಿನಗೆ ಕನಸು ಬಿತ್ತಾ?)

ಈ ಪತ್ರವನ್ನು ಎದ್ದುನಿಂತು ಓದತಕ್ಕದ್ದು. ಏಕೆಂದರೆ ತಮ್ಮ ತಂಗಿ ಗೌರವಾನ್ವಿತಳಾಗಿದ್ದಾಳೆ.

ನಡೆದದ್ದು ಹೀಗೆ. ಟ್ರಂಕಣ್ಣ ಗೆದ್ದನಲ್ಲ, ನಮ್ಮ ಜೊತೆಯ ಗುಂಗುರುಗೆ ಹೊಟ್ಟೆಯುರಿ ಹತ್ತಿತು. ಗುಂಗುರು ಎಂದರೆ ಲ್ಯಾಪ್‌ಟಾಪ್ ಪಕ್ಷಪಾತಿ, ಸಾಧು ಪ್ರಾಣಿ, ಅವನ ತಲೆಗೂದಲಿಗೆ ಪೆನ್ನು ಸಿಕ್ಕಿಸಿದರೆ ಸಂಜೆತನಕ ಅಲ್ಲೇ ಇರುತ್ತದೆ.

"ಈ ಡಬ್ಬ ಇಷ್ಟು ಓಡೋಕೆ ಸಾಧ್ಯನೇ ಇಲ್ಲ. ರಾತ್ರಿ ಬಂದು ಯಾರೋ ಒಳಗೆ ಗೇಮು ಓಡಿಸೋ ಕಾರ್ಡ್ ಬದಲಾಯಿಸಿದ್ದಾರೆ" ಅಂದ.

"ಯಾರು ಬರ್ತಾರಪ್ಪ? ಕಾರ್ಡ್ ಕಳ್ಳರು ಕದೀತಾರೆ, ಹಾಕಿಟ್ಟು ಹೋಗ್ತಾರಾ?" ಅಂದೆ.

"ನೀನೇ ಹಾಕಿರ್ತೀಯ. ನಿನ್ನ ನಂಬೋದು ಹೇಗೆ?"

ಅವನ ಅನುಮಾನಕ್ಕೆ ರಾಜಮರ್ಯಾದೆ ಕೊಡಬೇಕೆಂದು ಅನ್ನಿಸಿತು. ಕೆಂಪು ಅಂಟುಕಾಗದದ ಅಗಲ ಪಟ್ಟಿಯನ್ನು ಟ್ರಂಕಣ್ಣನ ಹೊಟ್ಟೆಯ ಸುತ್ತ, ಬಿಚ್ಚುವ ಬದಿಗೆ ಅಡ್ಡಲಾಗಿ ಸುತ್ತಿದೆ. ಅದರ ಮೇಲೆ ರಾಜಮುದ್ರೆ ಬರೆದೆ: ಅಡ್ಡಡ್ಡ ಎರಡು ಮೌಸು, ನಡುವೆ ಕಿರೀಟ ತೊಟ್ಟ ಜಿರಳೆ. ಕೆಳಗೆ, 'ಈ ಮೊಹರನ್ನು ಒಡೆದವನು ಪ್ರತಿ ಗೇಮಿನಲ್ಲೂ ಮೊದಲನೇ ಹಂತದಲ್ಲೇ ಸಾಯತಕ್ಕದ್ದು' ಎಂಬ ಶಾಸನ. ಲ್ಯಾಪ್‌ಟಾಪುಗಳಿಗೆ ತೆರೆಯುವ ಬಾಗಿಲಿಲ್ಲವಲ್ಲ, ಅವುಗಳ ತಳದ ಸ್ಕ್ರೂ ಮೇಲೆ ಉಗುರಿನಷ್ಟು ಚೂರು ಸಾಕಾಯಿತು.

ಅಷ್ಟರಲ್ಲಿ ಮೇಡಂ ಬಂದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅವರು ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದರು.

"ಈ ಜಿರಳೆ ಏನು?"

"ಅಳಿವಿಲ್ಲದ್ದರ ಸಂಕೇತ, ಮೇಡಂ."

ತಲೆಯಾಡಿಸಿದರು! "ಒಳ್ಳೇ ಕೆಲಸ. ಮೊಹರು ಹಾಕೋ ಪದ್ಧತಿ ನಾನೇ ತರಬೇಕಿತ್ತು. ಇನ್ಮುಂದೆ ಇದೇ ನಿಯಮ. ತೀರ್ಪಿನ ತನಕ ಯಾರು ಇದನ್ನ ಒಡೀತಾರೋ ಅವರು ಮನೆಗೆ ಹೋಗ್ಬಹುದು." ನನ್ನ ಕಡೆ ತಿರುಗಿ, "ಪರೀಕ್ಷೆ ಮುಗಿದ ಮೇಲೆ ನಿನ್ನ ಕೆಲಸ ಕಾಯಂ ಮಾಡೋ ವಿಚಾರ ನೋಡ್ತೀನಿ" ಅಂದರು. ಅಣ್ಣ, ಹುಟ್ಟಿದಾಗಿನಿಂದ ನಾನು ಮಾಡಿದ ಯಾವ ಕಿತಾಪತಿಗೂ ಇಂಥ ಮನ್ನಣೆ ಸಿಕ್ಕಿರಲಿಲ್ಲ.

ಇನ್ನು ಮೊಕದ್ದಮೆಯ ಸುದ್ದಿ. ದೊಡ್ಡ ಪರೀಕ್ಷೆ ಶುರುವಾಯಿತು. ಟ್ರಂಕಣ್ಣನ ಬಂಡವಾಳ ಬಯಲಾಯಿತು! ಮೊದಲು ತೊಂಬತ್ತು, ಆಮೇಲೆ ಎಪ್ಪತ್ತು, ಆಮೇಲೆ ಮಹಡಿ ಹತ್ತಿದ ನಮ್ಮ ಸೋದರಮಾವನ ಹಾಗೆ ಏದುಸಿರು, ಮೂವತ್ತೂ ಇಲ್ಲ. ಆಟದೊಳಗಿನ ಕುದುರೆ ಎತ್ತಿದ ಕಾಲನ್ನು ಇಡಲು ಮರೆತು ನಿಂತಿತ್ತು. ಕಿರುಚ ಅರಚುತ್ತಾ ಅರಚುತ್ತಾ ಐವತ್ತರಲ್ಲಿ ನಿಂತಿದೆ. ಸಾಹುಕಾರ ಸಿಂಹಾಸನದಲ್ಲಿದ್ದಾನೆ. ಮತ್ತೆ ಮತ್ತೆ ಓಡಿಸಿದರೂ ಇದೇ ಕಥೆ. ಅಗ್ಗದ ಮಾಲು ಅಗ್ಗದ ಮಾಲೇ. ಯಾರು ಮಾಡಿದ್ದಾರೋ ಪಾಪ, ಹಿಡಿ ಹಾಕುವ ಬದಲು ಎರಡು ಹಿಡಿ ಬುದ್ಧಿ ಹಾಕಬಹುದಿತ್ತು.

ಇತಿ, ರಾಜಮುದ್ರೆಯ ಒಡತಿ,
ಚೂಟಿ


ಜೂನ್ 13

ಚೂಟಿ,

ನಿನ್ನ ಕಾಗದವನ್ನು ಈ ಸಲ ನಿಮ್ಮತ್ತಿಗೆಗೆ ಓದಿ ಹೇಳಲಿಲ್ಲ.

ನಿನಗೊಂದು ಮಾತು. ಮೊದಲ ಸಲ ಓಡಿದ್ದು ಎರಡನೇ ಸಲ ಓಡಲಿಲ್ಲ ಅಂದರೆ, ನಡುವೆ ಏನು ಬದಲಾಯಿತು ಅಂತ ಕೇಳಿಕೊಳ್ಳಬೇಕು. ಇದನ್ನು ಹೇಳಿಕೊಡಲು ಪ್ರಯೋಗಾಲಯ ಬೇಕಿಲ್ಲ. ಅಗ್ಗದ ಮಾಲು ಅಂತ ತೀರ್ಪು ಬರೆಯುವ ಮುಂಚೆ ಯಂತ್ರದ ಮೇಲೆ ಅಂಗೈ ಇಟ್ಟು ನೋಡು. ಬಿಸಿ ಎಲ್ಲಿಂದ ಹೊರಗೆ ಬರುತ್ತದೆ, ತಂಪು ಎಲ್ಲಿಂದ ಒಳಗೆ ಹೋಗುತ್ತದೆ. ಇಷ್ಟೇ ನಾನು ಹೇಳಬಹುದಾದದ್ದು. ಇದೂ ಹೆಚ್ಚಾಯಿತೇನೋ.

ಯಾರೋ ಮಾಡಿದ್ದಾರೆ, ಪಾಪ ಅಂದೆ. ಆ ಯಾರೋ ಎಂಬುವವನಿಗೂ ಮನೆ ಇರುತ್ತೆ. ಅವನ ಕೆಲಸವನ್ನು ಇಟ್ಕೊಂಡು ಎಷ್ಟು ಬೇಕಾದರೂ ನಗು, ಅವನು ಅಲ್ಲಿಲ್ಲವಲ್ಲ.

ಅಣ್ಣ


ಜೂನ್ 15

ಅಣ್ಣನವರಿಗೆ,

ತಮ್ಮ ಉಪದೇಶ ತಲುಪಿತು. ಪೂಜ್ಯ, ಘನತೆವೆತ್ತ ಎಲ್ಲ ಈ ಸಲ ಇಲ್ಲ, ದಾಸ್ತಾನು ಮುಗಿದಿದೆ.

ನನಗೆ ಒಂದು ಒಳ್ಳೆಯದಾಯಿತು ಅಂತ ಬರೆದೆ. ಅದರ ಬಗ್ಗೆ ನಿನ್ನ ಕಾಗದದಲ್ಲಿ ಒಂದಕ್ಷರ ಇಲ್ಲ. ಸಂತೋಷ ಚೂಟಿ ಅನ್ನೋಕೆ ಶಾಯಿ ಸಾಲಲಿಲ್ಲವಾ? ಚಿಕ್ಕಂದಿನಿಂದ ಇದೇ ಆಯಿತು, ನಾನು ನಕ್ಕರೆ ನೀನು ಮುಖ ಗಂಟು ಹಾಕೋದು. ಡೆಸ್ಕ್‌ಟಾಪು ಜೋಡಿಸುವವರೆಲ್ಲ ನಿನ್ನ ಜಾತಿ ಅಂತ ಅವರ ಪರ ವಕಾಲತ್ತು ಬೇರೆ. ನಾನು ನ್ಯಾಯವಾಗಿಯೇ ಅಳೆದಿದ್ದೇನೆ. ವರದಿಯ ಕರಡು ಬರೆದಾಗಿದೆ. ಸಾಹುಕಾರ ಮೊದಲು, ಬೆಳ್ಳಿ, ಕಿರುಚ, ಕೊನೆಗೆ ಟ್ರಂಕಣ್ಣ. ನಾಳೆ ಮೇಡಂಗೆ ಒಪ್ಪಿಸುತ್ತೇನೆ.

ಅಂಗೈ ಇಡಬೇಕಂತೆ. ಇಡುತ್ತೇನೆ, ಇಟ್ಟು 'ಅಯ್ಯೋ ಜ್ವರ' ಅಂತ ಇನ್ನೊಂದು ಕಾಗದ ಬರೆಯುತ್ತೇನೆ.

ಚೂಟಿ

ಜೂನ್ 16. ನಿನ್ನೆಯ ಕಾಗದ ಅಂಚೆಗೆ ಹಾಕಿರಲಿಲ್ಲ. ಮುಂದಿನದನ್ನು ಇದರಲ್ಲೇ ಬರೆಯುತ್ತಿದ್ದೇನೆ.

ಅಂಗೈ ಇಟ್ಟೆ, ತಮಾಷೆಗೇ. ಗುಂಗುರು ಊಟಕ್ಕೆ ಹೋಗಿದ್ದ, ಟ್ರಂಕಣ್ಣ ಓಡುತ್ತಿದ್ದ. ನೆತ್ತಿಯ ಹತ್ತಿರ ಸುಡುತ್ತಿತ್ತು. ಬದಿಗೆ, ಕೆಳಗೆ ಕೈ ತಂದೆ. ಅಣ್ಣ, ಅಲ್ಲಿ ಕೆಂಪು ಕಾಗದ ಒಳಕ್ಕೆ ಎಳೆದುಕೊಂಡು ನಿಂತಿತ್ತು. ಒಂದೊಂದು ತೂತಿನ ಗುರುತೂ ಕಾಗದದ ಮೇಲೆ ಗುಳಿಯಾಗಿ ಎದ್ದು ಕಾಣುತ್ತಿತ್ತು. ಜಿರಳೆಯ ಕಿರೀಟದ ನಡುವೆ ಒಂದು ಗುಳಿ. ಫ್ಯಾನು ನಿಂತ ಕೂಡಲೇ ಕಾಗದ ಮೆಲ್ಲಗೆ ಹೊರಗೆ ಬಂತು. ಮತ್ತೆ ಓಡಿಸಿದರೆ ಮತ್ತೆ ಒಳಕ್ಕೆ. ಬಾಯಿಗೆ ಬಟ್ಟೆ ಕಟ್ಟಿದವರು ಉಸಿರಾಡಿದ ಹಾಗೆ.

ಗೆದ್ದಲು ಮೇದದ್ದಲ್ಲ. ಅದರ ಮೂಗು ಅದು. ನಾನು ಮೂಗು ಮುಚ್ಚಿ, ಓಡು ಅಂದೆ.

ಯಾರೂ ನೋಡಿಲ್ಲ. ಮೊಹರು ಮುಟ್ಟಿದರೆ ಮನೆಗೆ ಅಂತ ಮೇಡಂ ಹೇಳಿದ್ದಾರೆ. ಹೇಳಿದರೆ ಅದು ತಮಾಷೆಗೆ ಹಾಕಿದ್ದು ಅಂತಲೂ ಹೇಳಬೇಕು. ಆಮೇಲೆ ಕಾಯಂ ಕೆಲಸ ಹೋಗಲಿ, ಗೇಟಿನ ಒಳಗೂ ಬಿಡುವುದಿಲ್ಲ. ಹೇಳದಿದ್ದರೆ ಇನ್ನೈದು ದಿನ, ಪೆಟ್ಟಿಗೆ ವಾಪಸು ಹೋಗುತ್ತದೆ, ಮೊಹರು ಯಾರೋ ಹರಿದು ಬಿಸಾಡುತ್ತಾರೆ. ಯಾವುದೋ ಪೆಟ್ಟಿಗೆ, ಯಾರದೋ.

ನೀನು ಬರೆದದ್ದೇ ತಲೆಯಲ್ಲಿ ಕುಳಿತಿದೆ. ಆ ಯಾರೋ ಎಂಬುವವನಿಗೂ ಮನೆ ಇರುತ್ತೆ.

ವರದಿ ಇನ್ನೂ ಒಪ್ಪಿಸಿಲ್ಲ, ಹೊಟ್ಟೆನೋವು ಅಂತ ಹೇಳಿದೆ. ಏನು ಮಾಡಲಿ ಹೇಳು. ನೀನು ಹೇಳಿದ ಹಾಗೆ ಮಾಡುತ್ತೇನೆ.

ಚೂ.


ಜೂನ್ 18

ಚೂಟಿ,

ನಿನ್ನ ಕಾಗದ ಬೆಳಿಗ್ಗೆ ಬಂತು. ಮಧ್ಯಾಹ್ನದ ತನಕ ಉತ್ತರ ಬರೆಯಲು ಆಗಲಿಲ್ಲ.

ನಾನು ಹೇಳಿದ ಹಾಗೆ ಮಾಡುತ್ತೇನೆ ಅಂದೆ. ಮೇಡಂ ಹತ್ತಿರ ಹೋಗಿ ಹೇಳು ಅಂತ ಬರೆಯುವುದು ನನಗೆ ಬಹಳ ಸುಲಭ. ಒಂದೇ ಸಾಲು. ಅದಕ್ಕೇ ಕೈ ಬರುತ್ತಿಲ್ಲ. ನಿನ್ನ ಕೆಲಸ ಹೋಗಿ ನನ್ನ ಕೆಲಸ ಉಳಿಯುವ ಸಾಲು ಅದು. ಕಾರಣ ನಿನಗೆ ಗೊತ್ತಿಲ್ಲದೆ ನೀನು ಒಪ್ಪಿಕೊಂಡುಬಿಡುತ್ತೀಯ.

ಆ ಪೆಟ್ಟಿಗೆ ನನ್ನದು, ಚೂಟಿ. ಇದರ ಜೊತೆ ಇನ್ನೊಂದು ಕಾಗದ ಇಟ್ಟಿದ್ದೇನೆ, ಆರನೇ ತಾರೀಕು ಬರೆದು ಕಳಿಸದೆ ಇಟ್ಟುಕೊಂಡಿದ್ದು. ಅದನ್ನು ಓದು. ಹದಿಮೂರರಂದು ಸಿಟ್ಟಿನಿಂದ ಬರೆದದ್ದು ಯಾಕೆ ಅಂತ ಗೊತ್ತಾಗುತ್ತೆ. ನೀನು ನನ್ನನ್ನೇ ನೋಡಿ ನಗುತ್ತಿದ್ದೆ, ನಿನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ. ತಪ್ಪು ಯಾರದು ಹೆಚ್ಚು ಅಂತ ಮನೆಗೆ ಬಂದ ಮೇಲೆ ಜಗಳ ಆಡೋಣ.

ಈಗ ನಿನಗೆ ತಿಳಿಯಿತು. ನಿಯಮದ ಪ್ರಕಾರ ನೀನು ತೆಗೆದ ಅಂಕಿಗಳೆಲ್ಲ ರದ್ದು, ಪೆಟ್ಟಿಗೆ ಹೊರಗೆ. ಎರಡೂ ಕಾಗದಗಳನ್ನು ಮೇಡಂಗೆ ತೋರಿಸು. ಮೊಹರಿನ ವಿಷಯ ಹೇಳುವುದೂ ಬಿಡುವುದೂ ನಿನಗೆ ಬಿಟ್ಟದ್ದು. ಹೊರಗೆ ಹೋಗುವ ಪೆಟ್ಟಿಗೆಗೆ ಮೂಗು ಮುಚ್ಚಿದ್ದರೆಷ್ಟು, ತೆರೆದಿದ್ದರೆಷ್ಟು. ನಿನ್ನ ಕೆಲಸವಾದರೂ ಉಳಿಯಲಿ.

ನಿಮ್ಮತ್ತಿಗೆಗೆ ಇವತ್ತು ಎಲ್ಲ ಹೇಳಿದೆ. "ಇಷ್ಟು ದಿನ ಒಬ್ಬರೇ ನುಂಗ್ಕೊಂಡು ಕೂತಿದ್ರಾ?" ಅಂತ ಬೈದಳು. ಆಮೇಲೆ, "ಚೂಟಿಗೆ ಬೈದು ಬರೆದಿಲ್ಲ ತಾನೇ?" ಅಂದಳು.

ಕೆಲಸ ಕಾಯಂ ಆಗುವ ಮಾತು ಬಂದದ್ದಕ್ಕೆ ಸಂತೋಷ ಅಂತ ಆಗಲೇ ಬರೆಯಬೇಕಿತ್ತು. ಈಗ ಬರೆದಿದ್ದೇನೆ.

ಅಣ್ಣ


ಜೂನ್ 19

ಅಣ್ಣ,

ನಿನ್ನ ಉತ್ತರ ಇನ್ನೂ ಬಂದಿಲ್ಲ. ಕಾಯಲು ಆಗಲಿಲ್ಲ. ಇವತ್ತು ಬೆಳಿಗ್ಗೆ ಮೇಡಂ ಕೋಣೆಗೆ ಹೋದೆ.

"ಮೇಡಂ, ಒಂದು ಅರಿಕೆ."

"ನಾಟಕದ ಮಾತು ಬೇಡ. ಏನು?"

"ಆ ಮೊಹರು ತಮಾಷೆಗೆ ಹಾಕಿದ್ದು."

ಅವರು ಪೆನ್ನು ಕೆಳಗಿಟ್ಟರು. "ಯಾವುದು ತಮಾಷೆ?"

"ಎಲ್ಲಾ. ಶಾಸನ, ಮುದ್ರೆ. ಗುಂಗುರುನ ರೇಗಿಸೋಕೆ. ನೀವು ನಿಜ ಅಂದ್ಕೊಂಡ್ರಿ, ನಾನು ಸುಮ್ಮನಾದೆ."

"ಜಿರಳೆ?"

"ಜಿರಳೆನೂ."

ಉಳಿದದ್ದನ್ನೂ ಹೇಳಿದೆ, ಕಾಗದ ತೂತು ಮುಚ್ಚಿದ್ದು, ನನ್ನ ಅಂಕಿಗಳೆಲ್ಲ ಉಸಿರು ಕಟ್ಟಿದ ಯಂತ್ರದ ಅಂಕಿಗಳು ಎಂದು. ಅವರು ಎದ್ದು ಸೀದಾ ಪರೀಕ್ಷಾ ಕೋಣೆಗೆ ನಡೆದರು. ಪೆಟ್ಟಿಗೆ ಓಡಿಸಿ, ತಾವೇ ಬಗ್ಗಿ ಅಂಗೈ ಇಟ್ಟರು. ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ಕತ್ತರಿ ತರಿಸಿ ಮೊಹರನ್ನು ನೀಟಾಗಿ ಕತ್ತರಿಸಿ ತೆಗೆದರು. ಜಿರಳೆ ಎರಡು ಹೋಳಾಗಲಿಲ್ಲ, ಅಷ್ಟು ಜೋಪಾನವಾಗಿ.

"ಗುಂಗುರು, ದೊಡ್ಡ ಪರೀಕ್ಷೆ ಮೊದಲಿಂದ. ನಾಲ್ಕೂ ಯಂತ್ರ. ನೀನೊಬ್ಬನೇ." ಅವರ ಬಾಯಲ್ಲೂ ಅವನು ಗುಂಗುರುವೇ ಆಗಿಹೋಗಿದ್ದಾನೆ. ನನ್ನ ಕಡೆ ನೋಡದೆ, "ನೀನು ಆಚೆ. ಈ ಕೋಣೆಯ ಒಂದು ವೈರೂ ಮುಟ್ಟೋ ಹಾಗಿಲ್ಲ" ಅಂದರು.

ನಾನೀಗ ಹೊರಗಿನ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಬಾಗಿಲಾಚೆ ಕಿರುಚ ಅರಚುವುದು ಕೇಳಿಸುತ್ತದೆ. ಟ್ರಂಕಣ್ಣನ ಸದ್ದೇ ಇಲ್ಲ. ಓಡುತ್ತಿದ್ದಾನೋ, ನಿಂತೇಹೋಗಿದ್ದಾನೋ. ಗುಂಗುರು ಒಮ್ಮೆ ನೀರಿಗೆ ಹೊರಗೆ ಬಂದ. ನಗಲೂ ಇಲ್ಲ, ಅಣಕಿಸಲೂ ಇಲ್ಲ. ಅದೇ ಹೆದರಿಕೆ.

ಕೆಲಸ ಹೋಗಿದೆಯೋ ಇಲ್ಲವೋ ಕೇಳಲು ಧೈರ್ಯವಿಲ್ಲ. ನೀನು 'ಮೇಡಂಗೆ ಹೇಳು' ಅಂತ ಬರೆದಿದ್ದರೆ ನಾನು ಆಗಲೇ ಮಾಡಿದ್ದೇನೆ. ಬೇಡ ಅಂತ ಬರೆದಿದ್ದರೆ ಬೈಯಬೇಡ.

ಚೂಟಿ


ಜೂನ್ 22

ಅಣ್ಣ,

ನಿನ್ನ ಲಕೋಟೆ ನಿನ್ನೆ ಬೆಳಿಗ್ಗೆ ಬಂತು, ತೀರ್ಪು ಓದುವ ಸ್ವಲ್ಪ ಮುಂಚೆ. ಬೆಂಚಿನ ಮೇಲೇ ಓದಿದೆ. ಕಪ್ಪೆಯ ಡ್ರಾಯರಿನ ಹಿಡಿ. ನಾನದನ್ನು ಸೊಟ್ಟ ಅಂದೆ.

ನಿಜ ಹೇಳುತ್ತೇನೆ, ಲಕೋಟೆಯನ್ನು ಚೀಲದ ತಳಕ್ಕೆ ತುರುಕಿದೆ. ಒಳಗೆ ಗುಂಗುರು ಹೊಸ ಅಂಕಿಗಳ ಹಾಳೆ ಹಿಡಿದು ಸಿದ್ಧನಾಗಿದ್ದ. ನಾನು ಅರ್ಧ ದಿನ ಬಾಯಿ ಬಿಡದಿದ್ದರೆ ಸಾಕಿತ್ತು. ನಿನ್ನ ಮೇಜು ಉಳಿದರೂ ಉಳಿಯಬಹುದಿತ್ತು. ಆದರೆ ನೀನು 'ತೋರಿಸು' ಅಂತ ಬರೆದುಬಿಟ್ಟಿದ್ದೆ, ಹಾಳಾದವನೇ. ನಾನು ಮುಚ್ಚಿಟ್ಟರೆ ಗೆಲ್ಲುವುದು ಇನ್ನೊಂದು ಮೊಹರು ಹಾಕಿದ ಪೆಟ್ಟಿಗೆ ಅನ್ನಿಸಿತು. ಚೀಲದಿಂದ ತೆಗೆದು ಒಳಗೆ ಹೋಗಿ ಕೊಟ್ಟೆ. ಹದಿಮೂರನೇ ತಾರೀಕಿನದನ್ನೂ ಕೊಟ್ಟೆ.

ಮೇಡಂ ಮೂರನ್ನೂ ಎರಡೆರಡು ಸಲ ಓದಿದರು. ಲಕೋಟೆಯ ಮೇಲಿನ ಅಂಚೆ ಮುದ್ರೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಇದು ಇವತ್ತು ಬಂದಿದ್ದು?"

"ಹೌದು ಮೇಡಂ."

"ನೀನು ನನ್ನ ಹತ್ರ ಬಂದಿದ್ದು ಮೊನ್ನೆ."

"ಹೌದು."

"ಅಂಗೈ ಇಟ್ಟು ನೋಡು ಅಂತ ಬರೆದಿದ್ದಾನೆ. ಅದನ್ನ ನಾನು ಹೇಳ್ಬೇಕಿತ್ತು." ಆಮೇಲೆ, "ನಿಯಮ ಓದು."

ನಾನು ಸಹಿ ಹಾಕಿದ್ದ ಹಾಳೆ ತೆಗೆದು ಓದಿದೆ. "ರಕ್ತಸಂಬಂಧಿಯಾದರೆ ಆ ಪರೀಕ್ಷಕರು ತೆಗೆದ ಅಂಕಿಗಳೆಲ್ಲ ರದ್ದು."

ಮೇಡಂ ನನ್ನ ಹಾಳೆಗಳನ್ನೆಲ್ಲ ತೆಗೆದುಕೊಂಡು ಒಂದೊಂದರ ಮೇಲೂ ಉದ್ದಕ್ಕೆ ಗೆರೆ ಎಳೆದರು. ಮೊದಲ ದಿನ ಟ್ರಂಕಣ್ಣ ಗೆದ್ದದ್ದು, ಆಮೇಲೆ ಸೋತದ್ದು, ಎಲ್ಲ. ಕೊನೆಗೆ ಮೇಜಿನ ಮೇಲೆ ಒಂದೇ ಹಾಳೆ ಉಳಿಯಿತು.

"ಇದನ್ನ ಯಾರು ತೆಗೆದದ್ದು?"

"ನಾನು" ಅಂದ ಗುಂಗುರು.

"ನೀನು ಇವಳ ನೆಂಟನಾ?"

"ಅಯ್ಯೋ, ಬಿಡ್ತು ಅನ್ನಿ ಮೇಡಂ!"

"ಹಾಗಾದ್ರೆ ಓದು."

ಅಣ್ಣ, ಆಗ ನನಗೆ ಹೊಳೆಯಿತು. ನನ್ನನ್ನು ಆಚೆ ಹಾಕಿದ್ದಕ್ಕೇ ಆ ಹಾಳೆ ಉಳಿದಿದೆ. ಗುಂಗುರು ಓದಿದ, ಒಂದೊಂದು ಅಂಕಿಯೂ ಅವನ ಹಲ್ಲು ಕೀಳುತ್ತಿದ್ದಾರೇನೋ ಎನ್ನುವ ಹಾಗೆ. ಟ್ರಂಕಣ್ಣ ಮಧ್ಯಾಹ್ನ ಪೂರ್ತಿ ತೊಂಬತ್ತರ ಆಚೀಚೆ. ಕಿರುಚ, ಬೆಳ್ಳಿ ಹಿಂದೆ ಬಿದ್ದಿದ್ದಾರೆ. ಸಾಹುಕಾರನ ಸರಾಸರಿ ಮಾತ್ರ ಅವನ ಹತ್ತಿರಕ್ಕೆ ಬಂದಿದೆ, ಆದರೆ ಅವನು ಆಗಾಗ ದಬಕ್ಕನೆ ನಲವತ್ತಕ್ಕೆ ಜಾರುತ್ತಾನೆ. ಟ್ರಂಕಣ್ಣ ಒಮ್ಮೆಯೂ ಜಾರಿಲ್ಲ. 'ಮೇಜಿನ ಮೇಲೆ ಕೂರುವ ಕಡೆ ಡೆಸ್ಕ್‌ಟಾಪ್, ಹೊತ್ತು ತಿರುಗುವ ಕಡೆ ಲ್ಯಾಪ್‌ಟಾಪ್' ಎಂದು ಮೇಡಂ ತೀರ್ಪು ಬರೆಸಿದರು. ಆಟದ ಕೋಣೆಯನ್ನು ಯಾರೂ ಹೊತ್ತು ತಿರುಗುವುದಿಲ್ಲ.

ನನ್ನ ಕೆಲಸ ಕಾಯಂ ಆಗಿಲ್ಲ. ಹೋಗಿಯೂ ಇಲ್ಲ. ಮೂರು ತಿಂಗಳು ಉಗ್ರಾಣದಲ್ಲಿ ಯಂತ್ರಗಳ ರಟ್ಟಿನ ಡಬ್ಬ ಬಿಚ್ಚಬೇಕು, ಪರೀಕ್ಷಾ ಕೋಣೆಗೆ ಕಾಲಿಡುವಂತಿಲ್ಲ. ಹೊರಡುವಾಗ ನೋಡಿದೆ, ಕತ್ತರಿಸಿದ ಮೊಹರು ಮೇಡಂ ಮೇಜಿನ ಗಾಜಿನ ಕೆಳಗಿದೆ. ಜಿರಳೆ ನನ್ನನ್ನೇ ನೋಡುತ್ತಿತ್ತು. ಅವರ ಬಾಯಿಯ ಅಂಚು ಸ್ವಲ್ಪ ಅಲ್ಲಾಡಿತು. ನಗು ಎಂದು ಹೇಳಿಕೊಳ್ಳುವಷ್ಟು ಮೂರ್ಖಳಲ್ಲ ನಾನು.

ಕ್ಷಮಿಸು ಅಂತ ಬರೆಯಬೇಕು. ಆ ಪದ ನನ್ನ ಕೈಯಲ್ಲಿ ಯಾವಾಗಲೂ ತಮಾಷೆಯಾಗಿ ಬರುತ್ತದೆ. ಅದಕ್ಕೆ ಎದುರಿಗೆ ಬಂದು ಹೇಳುತ್ತೇನೆ.

ಚೂಟಿ


ಜುಲೈ 2

ಉಗ್ರಾಣಾಧೀಶ್ವರಿಯೂ, ಜಿರಳೆ ಲಾಂಛನೆಯೂ, ತನ್ನ ತೀರ್ಪನ್ನು ತಾನೇ ರದ್ದು ಮಾಡಿಸಿಕೊಂಡ ಏಕೈಕ ನ್ಯಾಯಾಧೀಶೆಯೂ ಆದ ತಂಗಿಯವರ ಸಮಕ್ಷಮಕ್ಕೆ, ಬಡ ಅಣ್ಣನ ಅಡ್ಡಬಿದ್ದ ವಿನಂತಿ.

ಯಜಮಾನರು ನಿನ್ನೆ ಜೋಡಣೆ ಮೇಜಿನ ಹತ್ತಿರ ಬಂದು ನಿಂತರು. ಅವರು ಮೇಜನ್ನು ಎರಡು ಸಲ ತಟ್ಟಿ, "ಇದು ಚಿಕ್ಕದಾಯ್ತು ಕಣಯ್ಯ. ಪಕ್ಕಕ್ಕೆ ಇನ್ನೊಂದು ಹಾಕ್ಸೋಣ" ಅಂದರು. ನಿಮ್ಮತ್ತಿಗೆಗೆ ಹೇಳಿದೆ. ಅವಳು ನಿನ್ನ ಜೂನ್ ಹತ್ತರ ಕಾಗದ ಕೇಳಿ ತಗೊಂಡು ಈಗ ಓದಿ, ಈಗ ನಕ್ಕಳು.

ಆದರೆ ಒಂದು ವಿಷಯ ಈ ನ್ಯಾಯಾಲಯದ ಅವಗಾಹನೆಗೆ. ನಿನ್ನ ಮೊಹರು ತಪ್ಪು ಪರೀಕ್ಷೆ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಮೊನ್ನೆ ನಮ್ಮೂರಿನ ಯುವಕೇಂದ್ರದ ಕೋಣೆಯಲ್ಲಿ ಇಂಥದ್ದೇ ಒಂದು ಪೆಟ್ಟಿಗೆ ಇಟ್ಟು ನೋಡಲು ಹೋಗಿದ್ದೆ. ಮಕ್ಕಳು ಬಂದವರೇ ತಮ್ಮ ಚೀಲಗಳನ್ನು ಎಲ್ಲಿ ಒರಗಿಸಿದರು ಗೊತ್ತಾ? ಪೆಟ್ಟಿಗೆಯ ಬದಿಗೆ, ಸರಿಯಾಗಿ ಮೂಗಿಗೆ. ಒಂದು ಕಾಗದಕ್ಕೆ ಉಸಿರು ಕಟ್ಟುವ ಯಂತ್ರ ಚೀಲಕ್ಕೆ ಉಳಿಯುತ್ತಾ? ನನ್ನ ಬುದ್ಧಿಗೆ ಹೊಳೆಯದ್ದು ನಿನ್ನ ಕಿತಾಪತಿಗೆ ಹೊಳೆದಿತ್ತು. ವಾಪಸು ಬಂದು ಇನ್ನೊಂದು ಬದಿಗೂ ತೂತು ಕೊರೆಯಲು ಕುಳಿತೆ. ಬೆರಳೆಲ್ಲ ಬೊಬ್ಬೆ.

ಹಿಡಿ ಸೊಟ್ಟಗೇ ಇರುತ್ತದೆ. ಅದರಲ್ಲಿ ರಾಜಿ ಇಲ್ಲ.

ಈ ಕಾಗದದ ಜೊತೆ ಒಂದು ಚಿಕ್ಕ ತಗಡು ಕಳಿಸಿದ್ದೇನೆ. ಇಂಥದ್ದೇ ಒಂದನ್ನು ಇನ್ನು ಮುಂದೆ ಪ್ರತಿ ಪೆಟ್ಟಿಗೆಯ ಬದಿಗೂ, ತೂತುಗಳ ಮೇಲ್ಗಡೆ, ಸ್ಕ್ರೂ ಹಾಕಿ ಕೂರಿಸುತ್ತೇವೆ. ಯಜಮಾನರು, "ಇದೇನಯ್ಯ, ಜಿರಳೆ?" ಅಂದರು. ಅಳಿವಿಲ್ಲದ್ದರ ಸಂಕೇತ ಅಂದೆ. ತಲೆಯಾಡಿಸಿದರು.

ಕಿರೀಟ ಸರಿಯಾಗಿ ಬಂದಿದೆಯಾ ನೋಡಿ ಹೇಳು.

ಅಣ್ಣ